ಬೆಣ್ಣೆಯ ಪೊರೆ

ಭಾನುವಾರ ಬಿಸಿಲೇರುವ ಮೊದಲೇ ಕಡೆಗೋಲು ಹಿಡಿದು ಕೂರುತ್ತೇನೆ. ಮುಂದೆ ವಾರವಿಡೀ ಕೂಡಿಟ್ಟು ಹೆಪ್ಪು ಹಾಕಿದ ಕೆನೆ. ಮಿಕ್ಸಿಗೆ ಇದು ಎರಡು ನಿಮಿಷದ ಕೆಲಸ. ಆದರೆ ಹದ ತಿಳಿಯಬೇಕಾದದ್ದು ಕೈಗೆ. ಮೊದಮೊದಲು ಕೋಲು ಅಂಗೈಗಳ ನಡುವೆ ಹಗುರಾಗಿ ಹೊರಳುತ್ತದೆ, ನೊರೆ ಏಳುತ್ತದೆ. ಬರಬರುತ್ತ ಕೆನೆ ಬಿಗಿದು ಕೋಲು ಭಾರವಾಗುತ್ತದೆ. ಒಂದು ಲೋಟ ತಣ್ಣೀರು ಸುರಿದು ಮತ್ತೆ ನಾಲ್ಕು ಸುತ್ತು. ಸದ್ದು ಥಟ್ಟನೆ ತೆಳುವಾಗುತ್ತದೆ; ಹಳದಿ ಕಾಳುಗಳು ತೇಲುತ್ತವೆ.

ಆ ಗಳಿಗೆಯ ಒಳಗುಟ್ಟು ತಿಳಿದ ಮೇಲೆ ಈ ಕೆಲಸ ನನಗೆ ಇನ್ನಷ್ಟು ಪ್ರಿಯವಾಯಿತು. ಮೂರು ಇಂಗಾಲದ ಪುಟ್ಟ ಅಣು ಗ್ಲಿಸರಾಲ್. ಅದರ ಮೂರು ಕೈಗೂ ಕೊಬ್ಬಿನಾಮ್ಲದ ಒಂದೊಂದು ಬಾಲ ಸೇರಿದರೆ ಟ್ರೈಗ್ಲಿಸರೈಡ್: ನೀರಿಗೆ ಬೆರೆಯದ, ಗ್ರಾಂಗೆ 9 ಕಿಲೋಕ್ಯಾಲರಿ ಶಕ್ತಿ ತುಂಬಿಟ್ಟ ಕಣಜ. ಬೆಣ್ಣೆಯ ಬಹುಪಾಲು ಇದೇ. ಒಂದು ಬಾಲದ ಜಾಗದಲ್ಲಿ ಫಾಸ್ಫೇಟಿನ ತಲೆ ಕೂತರೆ ಅದು ಫಾಸ್ಫೋಲಿಪಿಡ್. ತಲೆಗೆ ನೀರು ಬೇಕು, ಬಾಲಗಳಿಗೆ ಬೇಡ. ಅದಕ್ಕೇ ಈ ಅಣುಗಳು ಬಾಲಗಳನ್ನು ಒಳಗಿಟ್ಟು ಎರಡು ಸಾಲಾಗಿ ನಿಂತು ಜೀವಕೋಶದ ಪೊರೆಯಾಗುತ್ತವೆ. 1925ರಲ್ಲಿ ನೆದರ್ಲೆಂಡ್ಸ್‌ನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿದರು. ಅದು ಕಣಗಳ ಮೈಯ ಎರಡರಷ್ಟು ಜಾಗ ಹಿಡಿದದ್ದನ್ನು ಕಂಡು ಈ ಜೋಡಿ ಸಾಲನ್ನು ಗುರುತಿಸಿದರು.

ನನ್ನ ಮನಸ್ಸು ತುಂಬಿದ್ದು ಹಸುವಿನ ಕೆಚ್ಚಲಿನ ಸಂಗತಿ ಓದಿದಾಗ. ಅಲ್ಲಿನ ಜೀವಕೋಶ ಕೊಬ್ಬಿನ ಹನಿಯನ್ನು ಹಾಲಿಗೆ ಬರಿಮೈಯಲ್ಲಿ ಕಳಿಸುವುದಿಲ್ಲ. ತನ್ನದೇ ಪೊರೆಯ ತುಣುಕನ್ನು ಹೊದಿಸಿ ಬೀಳ್ಕೊಡುತ್ತದೆ. ಹಾಲಿನಲ್ಲಿ ಹನಿಗಳು ಒಂದಕ್ಕೊಂದು ಕೂಡದೆ ಬೇರೆಬೇರೆಯಾಗಿ ಉಳಿಯುವುದು ಆ ಹೊದಿಕೆಯಿಂದ. ಕಡೆಗೋಲು ಅದನ್ನು ಹರಿಯುತ್ತದೆ. ಬರಿಮೈಯಾದ ಹನಿಗಳು ಕೂಡಿ ಬೆಣ್ಣೆಯಾಗುತ್ತವೆ. ಹರಿದ ಪೊರೆಯ ಹೆಚ್ಚು ಪಾಲು ಮಜ್ಜಿಗೆಗೆ ಸೇರುತ್ತದೆ.

ಬೆಣ್ಣೆ ತೊಳೆದು ಒಲೆಗಿಡುತ್ತೇನೆ. ನೀರೆಲ್ಲ ಆರಿ ಚಟಪಟ ನಿಂತಾಗ ಒಂದು ವೀಳ್ಯದೆಲೆ. ತಣಿದಂತೆ ನೆಟ್ಟನೆಯ ಉದ್ದ ಬಾಲಗಳ ಕೊಬ್ಬು ಮೊದಲು ಹರಳುಗಟ್ಟಿ, ಉಳಿದದ್ದು ನಡುವೆ ದ್ರವವಾಗಿಯೇ ನಿಂತು, ತುಪ್ಪ ಮರಳುಮರಳಾಗುತ್ತದೆ.

ಪೊರೆ ಎಂದರೆ ತೆಳು ಪದರ. ಪೊರೆ ಎಂದರೆ ಕಾಪಾಡು, ಸಲಹು. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ತುಪ್ಪದ ಡಬ್ಬಿ ಮುಚ್ಚಿ, ಉಪ್ಪು, ಕರಿಬೇವು ಹಾಕಿದ ಮಜ್ಜಿಗೆಯನ್ನು ನಿಧಾನವಾಗಿ ಕುಡಿಯುತ್ತೇನೆ. ಕಣಜ ಡಬ್ಬಿಯಲ್ಲಿದೆ, ಅದನ್ನು ಪೊರೆದದ್ದು ಈ ಲೋಟದಲ್ಲಿ.