ಅಡಿಕೆ ಧಾರಣೆಗೆ ಅಡ್ಡ ಬಂದ ಜಾಹೀರಾತು

ನಾನು ಏಮಾರಿದ್ದು ಒಂದು ಭಾಗಾಕಾರದಲ್ಲಿ. ಆನ್‌ಲೈನ್ ಜಾಹೀರಾತಿನವರ ಬಾಯಲ್ಲಿ ಸದಾ ಇರುವ ಪದ ಆರ್‌ಪಿಎಂ. ಬಂದ ಹಣವನ್ನು ಪುಟವೀಕ್ಷಣೆಗಳಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಅದು ಸಿಗುತ್ತದೆ; ಸಾವಿರ ಪುಟ ತೆರೆದುಕೊಂಡರೆ ನಮ್ಮ ಕೈಗೆಷ್ಟು ಅನ್ನುವ ಲೆಕ್ಕ. ಹೊಸ ಮಾದರಿಯ ಜಾಹೀರಾತು ಹಾಕಿದ ಮೇಲೆ ನಮ್ಮ ವೆಬ್‌ಸೈಟಿನ ಆರ್‌ಪಿಎಂ ಸರಸರನೆ ಏರಿತು. ನಾನು ಹಿಗ್ಗಿದೆ. ಭಾಗಲಬ್ಧ ಏರಬೇಕಾದರೆ ಮೇಲಿನ ಸಂಖ್ಯೆಯೇ ಹೆಚ್ಚಬೇಕೆಂದಿಲ್ಲ, ಕೆಳಗಿನದು ಕುಸಿದರೂ ಆಗುತ್ತದೆ. ಶಾಲೆಯ ಈ ಗಣಿತ ನನ್ನ ತಲೆಗೆ ಹೋಗುವಷ್ಟರಲ್ಲಿ ನಿತ್ಯ ಬರುತ್ತಿದ್ದ ಓದುಗರಲ್ಲಿ ದೊಡ್ಡದೊಂದು ಪಾಲು ಬರುವುದನ್ನೇ ಬಿಟ್ಟಿತ್ತು.

ನಮ್ಮದು ಚಿಕ್ಕ ಸೈಟು. ಶಿವಮೊಗ್ಗ, ಸಾಗರ, ಶಿರಸಿ, ಯಲ್ಲಾಪುರ, ಚನ್ನಗಿರಿ ಮಾರುಕಟ್ಟೆಗಳ ಅಡಿಕೆ ಧಾರಣೆ, ಜೊತೆಗೆ ಕೊಳೆರೋಗ, ಮಳೆ, ಬೋರ್ಡೋ ದ್ರಾವಣದ ಮೇಲೆ ಒಂದಿಷ್ಟು ಬರಹ. ಇಂಥ ಕನ್ನಡ ಸೈಟಿಗೆ ಜಾಹೀರಾತಿನ ದುಡ್ಡು ಮೊದಲಿಂದಲೂ ಅಷ್ಟಕ್ಕಷ್ಟೇ. ಗೂಗಲ್‌ನ ಜಾಹೀರಾತು ಸೇವೆ ಆಡ್‌ಸೆನ್ಸ್ ಶುರುವಾದದ್ದು 2003ರಲ್ಲಿ. ಹಿಂದಿ ಪುಟಗಳಿಗೆ ಅದು ಸಿಕ್ಕಿದ್ದು 2014ರ ಡಿಸೆಂಬರಿನಲ್ಲಿ. ಕನ್ನಡದ ಸರದಿ ಬರಲು ಮತ್ತೂ ಕೆಲವು ವರ್ಷ ಕಾಯಬೇಕಾಯಿತು. ಬಂದ ಮೇಲೂ ಸರ್ವರ್ ಬಾಡಿಗೆ ಕಳೆದರೆ ಉಳಿಯುತ್ತಿದ್ದದ್ದು ಕಾಫಿ ಖರ್ಚಿಗೆ. ಹಾಗಾಗಿ ಒಂದು ಜಾಹೀರಾತು ಜಾಲದ ಪ್ರತಿನಿಧಿ ಫೋನ್ ಮಾಡಿ, "ಸಾರ್, ಹೊಸ ಫಾರ್ಮ್ಯಾಟ್ ಬಂದಿದೆ, ಒಂದ್ಸಲ ಹಾಕಿ ನೋಡಿ" ಅಂದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ಎಷ್ಟು ಬರುತ್ತೆ?

ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಇಡೀ ಪರದೆಯನ್ನು ತುಂಬಿಕೊಳ್ಳುವ ಜಾಹೀರಾತು ಅದು. ಮೂಲೆಯಲ್ಲೊಂದು ಗುಣಿಸು ಚಿಹ್ನೆ, ಅದನ್ನು ಒತ್ತಿದರೆ ಮುಂದಿನ ಪುಟ. ನನಗೂ ಅನುಮಾನವಿತ್ತು. ಇಂಥವುಗಳ ಮೇಲೆ ಕಟ್ಟುಪಾಡು ಬಂದಿರುವುದು ಗೊತ್ತಿತ್ತು. ಹುಡುಕಾಟದಿಂದ ಬಂದವರಿಗೆ ಮೊಬೈಲಿನಲ್ಲಿ ವಿಷಯವನ್ನೇ ಮುಚ್ಚಿಬಿಡುವ ಪುಟಗಳನ್ನು ಗೂಗಲ್ 2017ರ ಜನವರಿಯಿಂದ ಫಲಿತಾಂಶದಲ್ಲಿ ಕೆಳಗೆ ತಳ್ಳುತ್ತದೆ. ಅದೇ ವರ್ಷದ ಮಾರ್ಚ್‌ನಲ್ಲಿ ಕೊಯಲಿಷನ್ ಫಾರ್ ಬೆಟರ್ ಆಡ್ಸ್ ಒಕ್ಕೂಟ ಜನ ಸಹಿಸದ ಜಾಹೀರಾತು ಬಗೆಗಳ ಪಟ್ಟಿ ಹೊರಡಿಸಿತು. 2018ರ ಫೆಬ್ರವರಿ 15ರಿಂದ ಕ್ರೋಮ್ ಬ್ರೌಸರ್, ಆ ಪಟ್ಟಿಯನ್ನು ಪದೇಪದೇ ಮೀರುವ ಸೈಟುಗಳ ಜಾಹೀರಾತನ್ನೆಲ್ಲ ತಡೆಯಲು ತೊಡಗಿತು. ಪ್ರತಿನಿಧಿಯ ಉತ್ತರ ಸಿದ್ಧವಿತ್ತು: ಇದು ಪುಟಗಳ ನಡುವೆ ಬರುವಂಥದ್ದು, ಕಾಯಿಸುವುದಿಲ್ಲ, ತಕ್ಷಣ ಮುಚ್ಚಬಹುದು, ಯಾವ ನಿಯಮಕ್ಕೂ ಅಡ್ಡಿಯಿಲ್ಲ. ಅವರು ಸುಳ್ಳು ಹೇಳಲಿಲ್ಲ. ನಿಯಮ ಮುರಿಯುವುದಿಲ್ಲ ಎಂದದ್ದನ್ನು ನಮಗೆ ಹೊಂದುತ್ತದೆ ಎಂದು ಕೇಳಿಸಿಕೊಂಡವನು ನಾನು.

ನಮ್ಮ ಸೈಟಿಗೆ ಜನ ಹೇಗೆ ಬರುತ್ತಾರೆ ಅನ್ನುವುದನ್ನು ನಾನು ಒಂದು ದಿನವೂ ಪಕ್ಕದಲ್ಲಿ ಕೂತು ನೋಡಿರಲಿಲ್ಲ. ಸಾಗರದ ಕಡೆಯ ಚಿಕ್ಕಪ್ಪನ ಮನೆಗೆ ಹೋದಾಗ ನೋಡಿದೆ. ಮೊದಲ ಪುಟ ತೆಗೆದರು, ಮಾರುಕಟ್ಟೆ ಒತ್ತಿದರು. ಪರದೆ ತುಂಬ ಸಾಲ ಕೊಡುವ ಯಾವುದೋ ಆ್ಯಪ್. ಸುಲಿದು ಸುಲಿದು ಒರಟಾದ ಬೆರಳು ಆ ಸಣ್ಣ ಗುಣಿಸು ಚಿಹ್ನೆಯ ಮೇಲೆ ಬೀಳದೆ ಪಕ್ಕಕ್ಕೆ ಬಿತ್ತು, ಫೋನು ಆ್ಯಪ್ ಅಂಗಡಿಗೆ ಹಾರಿತು. ಹಿಂದೆ ಬಂದರು. ಚಾಲಿ ಅಡಿಕೆಯ ಧಾರಣೆ ನೋಡಿ ಕೆಂಪುಗೋಟಿಗೆ ಹೋಗಬೇಕೆಂದರೆ ಮತ್ತೆ ಅದೇ. "ಎಂತ ಮಾರಾಯ, ಧಾರಣೆ ನೋಡಕ್ಕೆ ಹೋದ್ರೆ ಸಾಲ ತಗ ಅಂತದಲ್ಲ ನಿನ್ನ ಪೇಜು! ಅಡಿಕೆ ಮಾರಿದ ಮೇಲೂ ಸಾಲವೇ ಗತಿ ಅಂತನಾ?" ನಕ್ಕರು, ಫೋನು ಕೆಳಗಿಟ್ಟರು.

ಚಿಕ್ಕಪ್ಪನಿಗೆ ಬೇಕಿದ್ದದ್ದು ಒಂದು ಸಂಖ್ಯೆ. ಟೆಂಡರ್ ಮುಗಿಯಿತಾ, ರಾಶಿ ಅಡಿಕೆ ಎಷ್ಟಕ್ಕೆ ಹೋಯಿತು, ಬೆಟ್ಟೆ ಎಷ್ಟು, ಗೊರಬಲು ಎಷ್ಟು. ಅರ್ಧ ನಿಮಿಷದ ಕೆಲಸಕ್ಕೆ ಮೂರು ಪುಟ, ಪುಟಪುಟದ ನಡುವೆ ಗೋಡೆ. ಹತ್ತು ನಿಮಿಷ ಒಂದೇ ಪ್ರಬಂಧ ಓದಿ ಮುಂದಿನದಕ್ಕೆ ಹೋಗುವ ಸೈಟಿನಲ್ಲಿ ಇದೇ ಜಾಹೀರಾತು ಯಾರಿಗೂ ಅಷ್ಟು ಚುಚ್ಚಲಿಕ್ಕಿಲ್ಲ. ಅಲ್ಲಿ ಓದುಗ ಒಂದನ್ನು ಮುಗಿಸಿ ತಲೆಯೆತ್ತಿರುತ್ತಾನೆ. ನಮ್ಮಲ್ಲಿ ಅವನು ಇನ್ನೂ ಹುಡುಕುತ್ತಿರುತ್ತಾನೆ. ಯಾವ ಮಾದರಿ ಒಳ್ಳೆಯದು ಎಂದು ಕೇಳುವ ಮೊದಲು ಓದುಗ ಯಾವ ಕೆಲಸಕ್ಕೆ ಬಂದ ಎಂದು ನಾನು ಕೇಳಬೇಕಿತ್ತು.

ತಪ್ಪಿ ಬಿದ್ದ ಆ ಬೆರಳಿನಲ್ಲೇ ನನ್ನ ಆದಾಯದ ಗುಟ್ಟೂ ಇತ್ತು. ಏರಿದ್ದ ಕ್ಲಿಕ್ಕುಗಳಲ್ಲಿ ಎಷ್ಟೋ ಇಂಥವೇ. ಧಾರಣೆ ಪುಟದ ಮಾಮೂಲಿ ಬ್ಯಾನರೂ ಇದಕ್ಕೆ ಕೈಜೋಡಿಸಿತ್ತು. ಅದು ತಡವಾಗಿ ಇಳಿಯುತ್ತಿತ್ತು. ಇಳಿದಾಗ ಕೋಷ್ಟಕವಿಡೀ ಕೆಳಕ್ಕೆ ಜಗ್ಗಿ, ರಾಶಿಯ ಸಾಲು ಇದ್ದಲ್ಲಿ ಜಾಹೀರಾತು ಬಂದು ಕೂರುತ್ತಿತ್ತು. ಈ ಜಗ್ಗಾಟಕ್ಕೂ ಅಳತೆಯಿದೆ, ಸಿಎಲ್‌ಎಸ್ ಎನ್ನುತ್ತಾರೆ, 0.1 ಮೀರಬಾರದು ಎನ್ನುವುದು ಗೂಗಲ್ ಹೇಳುವ ಮಿತಿ. ಜಾಹೀರಾತಿನ ಎತ್ತರವನ್ನು ಪುಟದಲ್ಲಿ ಮೊದಲೇ ಕಾದಿರಿಸಿದ್ದರೆ ಮುಗಿಯುತ್ತಿತ್ತು, ಎರಡು ಸಾಲಿನ ಕೋಡು. ಕೆಟ್ಟ ಕ್ಲಿಕ್ಕು ಹಣವಾಗಿ ಕಾಣುತ್ತಿದ್ದಾಗ ಆ ಎರಡು ಸಾಲು ಬರೆಯುವ ಅವಸರ ಯಾರಿಗಿರುತ್ತದೆ? ತಿಂಗಳ ಕೊನೆಗೆ ಅಮಾನ್ಯ ಕ್ಲಿಕ್ಕಿನ ಬಾಬ್ತು ಎಂದು ಜಾಲದವರು ಮುರಿದುಕೊಂಡ ಮೊತ್ತ ನೋಡಿದ ಮೇಲೆ ಬರೆದೆ. ಅವರ ಮೇಲೆ ಸಿಟ್ಟಾಗಲೂ ಬಾಯಿಲ್ಲ. ಎಡವಿ ಒಳಬಂದವನನ್ನು ಗಿರಾಕಿ ಎಂದು ಯಾವ ಜಾಹೀರಾತುದಾರ ದುಡ್ಡು ಕೊಡುತ್ತಾನೆ?

ಇನ್ನೊಂದು ಎಡವಟ್ಟು ಕ್ಯಾಲೆಂಡರಿನದು. ನಾನು ಪ್ರಯೋಗ ಶುರು ಮಾಡಿದ್ದು ದಸರೆಯ ಹೊತ್ತಿಗೆ. ದಸರೆಯಿಂದ ದೀಪಾವಳಿಯವರೆಗೆ ಬಟ್ಟೆ, ಫೋನು, ಫ್ರಿಜ್ಜು ಮಾರುವವರೆಲ್ಲ ಪೈಪೋಟಿಯಲ್ಲಿ ಹರಾಜು ಕೂಗುತ್ತಾರೆ, ಜಾಹೀರಾತಿನ ದರ ತಾನಾಗಿ ಮೇಲೇರುತ್ತದೆ. ಹಳೆಯ ಬ್ಯಾನರುಗಳನ್ನೇ ಇಟ್ಟಿದ್ದರೂ ಆ ದಿನಗಳಲ್ಲಿ ಗಳಿಕೆ ಹೆಚ್ಚುತ್ತಿತ್ತು. ಹಬ್ಬ ಕೊಟ್ಟಿದ್ದನ್ನು ನಾನು ಹೊಸ ಮಾದರಿಯ ಖಾತೆಗೆ ಬರೆದುಕೊಂಡೆ. ಸರಿಯಾದ ಪರೀಕ್ಷೆಯೆಂದರೆ ಅದೇ ವಾರ, ಅದೇ ಪುಟ, ಅರ್ಧ ಓದುಗರಿಗೆ ಹೊಸದು, ಅರ್ಧಕ್ಕೆ ಹಳೆಯದು. ಅದೂ ಹಬ್ಬ ಕಳೆದು ದರ ಇಳಿಯುವ ಜನವರಿಯ ಬಡತನವನ್ನು ಒಮ್ಮೆ ದಾಟುವವರೆಗೆ.

ಲೆಕ್ಕವನ್ನು ಹೀಗೆ ಹಿಡಿಯಿರಿ. ಸಾವಿರ ಜನ ಬಂದು ತಲಾ ಮೂರು ಪುಟ ನೋಡುತ್ತಾರೆ, ಆರ್‌ಪಿಎಂ 40 ರೂಪಾಯಿ: ಕೈಗೆ 120. ಹೊಸ ಮಾದರಿ ಬಂದು ಆರ್‌ಪಿಎಂ 60 ಆಯಿತು, ಬೇಸತ್ತ ಜನ ಒಂದೂವರೆ ಪುಟಕ್ಕೆ ಎದ್ದು ಹೋದರು: ಕೈಗೆ 90. ಡ್ಯಾಷ್‌ಬೋರ್ಡಿನಲ್ಲಿ ದೊಡ್ಡ ಅಕ್ಷರದಲ್ಲಿ ಹಸಿರಾಗಿ ಹೊಳೆಯುವುದು ಮಾತ್ರ 60. ನಾಳೆ ಬಾರದೇ ಹೋದವರ ನಷ್ಟವಂತೂ ಯಾವ ಕಾಲಮ್ಮಿನಲ್ಲೂ ಇಲ್ಲ. ಈಗ ನಾನು ಪುಟಕ್ಕೆ ಬದಲು ಮನುಷ್ಯನಿಂದ ಭಾಗಿಸುತ್ತೇನೆ: ಒಬ್ಬ ಓದುಗ ತಿಂಗಳಲ್ಲಿ ಎಷ್ಟು ಸಲ ಬಂದ, ಒಟ್ಟು ಎಷ್ಟು ಕೊಟ್ಟ.

ಪಾಪ್-ಅಪ್ ಜಾಹೀರಾತಿನ ಕೋಡು ಬರೆದ ಈಥನ್ ಝುಕರ್‌ಮನ್ 2014ರಲ್ಲಿ ದಿ ಅಟ್ಲಾಂಟಿಕ್ ಪತ್ರಿಕೆಯಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದ್ದರು. ತೊಂಬತ್ತರ ದಶಕದಲ್ಲಿ ಅವರಿದ್ದ ಟ್ರೈಪಾಡ್ ಸೈಟಿನಲ್ಲಿ ಒಂದು ಕಾರು ಕಂಪನಿಯ ಜಾಹೀರಾತು ಅಶ್ಲೀಲ ಪುಟವೊಂದರ ಮೇಲೆ ಕಾಣಿಸಿಕೊಂಡು ಕಂಪನಿ ಗಾಬರಿಯಾಯಿತು. ಪುಟಕ್ಕೂ ಜಾಹೀರಾತಿಗೂ ನಂಟು ಕಾಣದಿರಲಿ ಎಂದು ಬೇರೆ ಕಿಟಕಿ ತೆರೆಸಿದರು. ಓದುಗ ಬಯಸಿದ್ದಲ್ಲ ಅದು, ಜಾಹೀರಾತುದಾರನ ತಲೆನೋವಿನ ಮದ್ದು. ಹೊಸ ಮಾದರಿಯ ಕರೆ ಬಂದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಇದು ಯಾರ ತಲೆನೋವಿಗೆ ಎಂದು ಈಗ ನೇರವಾಗಿ ಕೇಳುತ್ತೇನೆ. ಕೆಲವರು ಪ್ರಾಮಾಣಿಕವಾಗಿ ಹೇಳುತ್ತಾರೆ ಕೂಡ.

ಆ ಜಾಹೀರಾತನ್ನು ಕಿತ್ತುಹಾಕಿದ್ದಾಯಿತು. ಧಾರಣೆಯೆಲ್ಲ ಈಗ ಒಂದೇ ಪುಟದಲ್ಲಿದೆ. ಕೋಷ್ಟಕ ಮುಗಿದ ಮೇಲೆ ಒಂದು ಜಾಹೀರಾತು; ಅಡಿಕೆ ಕೊಯ್ಯುವ ದೋಟಿ, ಸುಲಿಯುವ ಯಂತ್ರ ಮಾರುವ ಸ್ಥಳೀಯರು ನೇರವಾಗಿ ಕೊಟ್ಟದ್ದು. ಹೋದವರು ಮಾತ್ರ ಪೂರ್ತಿ ಮರಳಲಿಲ್ಲ. ಊರೂರಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಟೆಂಡರ್ ಮುಗಿದೊಡನೆ ಯಾರಾದರೂ ಧಾರಣೆ ಹಾಕುತ್ತಾರಂತೆ. ಚಿಕ್ಕಪ್ಪ ತಮ್ಮ ಗುಂಪು ತೆರೆದು ತೋರಿಸಿದರು. ಅಲ್ಲಿದ್ದದ್ದು ನಮ್ಮದೇ ಪುಟದ ಸ್ಕ್ರೀನ್‌ಶಾಟ್, ಜಾಹೀರಾತನ್ನೂ ಸೈಟಿನ ಹೆಸರನ್ನೂ ಕತ್ತರಿಸಿ ಹಾಕಿದ್ದರು.