ಪೀಠಾರೋಹಣ

ಹೊಸ ಚಪ್ಪಲಿ ಕಚ್ಚುತ್ತದೆಂಬುದು ಎಲ್ಲರೂ ಬಲ್ಲ ಸಂಗತಿ. ಹೊಸ ಅಳಿಯ ಬಿಗುವಾಗಿರುತ್ತಾನೆಂಬುದೂ ಹಳೆಯ ಮಾತೇ. ಆದರೆ ಸೈಕಲ್ಲಿನ ಹೊಸ ತೊಗಲಿನ ಸೀಟಿನ ಪ್ರತಾಪವನ್ನು ಬಲ್ಲವರು ಈಗ ವಿರಳ. ಇಂದಿನ ಸೈಕಲ್ಲುಗಳಿಗೆ ಮೆತ್ತೆ ತುಂಬಿದ ಸೀಟುಗಳು ಬಂದಿವೆ. ಅವು ಕುಳಿತ ದಿನವೇ ಹಿತವೆನಿಸುತ್ತವೆ. ಕೆಲವು ವರ್ಷಗಳಲ್ಲಿ ಹರಿದು, ಒಳಗಿನ ಸ್ಪಂಜು ಹೊರಗೆ ಇಣುಕುತ್ತದೆ. ತೊಗಲಿನ ಸೀಟಿನ ರೀತಿಯೇ ಬೇರೆ. ಮೊದಲ ದಿನ ಅದು ಕಲ್ಲುಚಪ್ಪಡಿ. ಹಿತವಾಗುವುದು ತಿಂಗಳುಗಳ ಮೇಲೆ. ಒಮ್ಮೆ ಒಡೆಯನಿಗೆ ಒಗ್ಗಿತೆಂದರೆ ಬೇರೆ ಯಾರಿಗೂ ಒಗ್ಗುವುದಿಲ್ಲ.

ಈ ಕಡೆಯ ಮಾತನ್ನು ನಾನು ಕಲಿತದ್ದು ನಮ್ಮ ತಂದೆಯವರ ಸೈಕಲ್ಲಿನಿಂದ. ಅವರು ಶ್ರೀರಂಗಪಟ್ಟಣದ ಬಳಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದರು. ಮನೆಯಿಂದ ಶಾಲೆಗೆ ಕಾಲುವೆಯ ಏರಿಯ ಮೇಲೆ ಏಳು ಕಿಲೋಮೀಟರು ದಾರಿ. ಇಪ್ಪತ್ತೆಂಟು ವರ್ಷ ಆ ದಾರಿಯಲ್ಲಿ ತುಳಿದ ಕಪ್ಪು ಸೈಕಲ್ಲನ್ನು, ನಾನು ಮೈಸೂರಿನ ಕಾಲೇಜಿನಲ್ಲಿ ಅಧ್ಯಾಪಕನಾದಾಗ ನನಗೆ ಒಪ್ಪಿಸಿದರು. "ಕಾಲೇಜಿನವರು ನಿನಗೊಂದು ಪೀಠ ಕೊಟ್ಟರು; ನನ್ನ ಕಡೆಯಿಂದ ಇದೊಂದು ಪೀಠ ಇರಲಿ" ಎಂದರು.

ಆ ಪೀಠವನ್ನು ಏರಿದ ವಾರದಲ್ಲೇ ನನ್ನ ಸೊಂಟ ದೂರು ಹೇಳತೊಡಗಿತು. ನೋಡಲು ಸೀಟು ಹುಣಿಸೆಬೀಜದಂತೆ ಮಿರುಗುತ್ತಿತ್ತು. ಕುಳಿತರೆ ಮಾತ್ರ ಯಾರೋ ನನ್ನನ್ನು ಎಡಕ್ಕೆ ತಳ್ಳುತ್ತಿರುವಂತೆ ಭಾಸವಾಗುತ್ತಿತ್ತು. ಸರಸ್ವತೀಪುರಂನ ಸೈಕಲ್ ಷಾಪಿನ ಮುದುಕರಿಗೆ ತೋರಿಸಿದೆ. ಅವರು ಸೀಟಿನ ಮೇಲೆ ಹೆಬ್ಬೆರಳು ಆಡಿಸಿ, "ಮೇಷ್ಟ್ರೇ, ಇದರ ಮೇಲೆ ಕೂತಿದ್ದವರಿಗೆ ಬಲಗಡೆ ಏನಾದರೂ ನೋವಿತ್ತಾ?" ಎಂದು ಕೇಳಿದರು. ಎಡಗಡೆಯ ಕುಳಿ ಬಲಗಡೆಯದಕ್ಕಿಂತ ಬಹಳ ಆಳವಾಗಿತ್ತು.

ನಾನು ತಂದೆಯವರನ್ನು ಕೇಳಲಿಲ್ಲ. ಕೇಳಿದ್ದರೂ ಅವರು ಮಾತು ಮರೆಸುತ್ತಿದ್ದರು. ತಾಯಿಯನ್ನು ಕೇಳಿದೆ. "ನೀನು ಮೂರನೆಯ ತರಗತಿಯಲ್ಲಿದ್ದಾಗ ಮಳೆಯಲ್ಲಿ ಏರಿಯಿಂದ ಜಾರಿ ಬಿದ್ದಿದ್ದರಪ್ಪ. ಆಮೇಲೆ ಬಲಗಡೆ ಊರಿ ಕೂಡುವುದಕ್ಕೆ ಆಗುತ್ತಿರಲಿಲ್ಲ. ವರ್ಗ ಮಾಡಿಸಿಕೊಳ್ಳಿ ಎಂದೆ. ಮಗುವಿನ ಓದು ಕೆಡುತ್ತದೆ ಎಂದುಬಿಟ್ಟರು" ಎಂದಳು. ಆ ದಿನಗಳಲ್ಲಿ ನಾನು ಮುಂದಿನ ಬಾರಿನ ಮೇಲೆ ಕುಳಿತು ಅವರ ಜೊತೆಯಲ್ಲೇ ಶಾಲೆಗೆ ಹೋಗುತ್ತಿದ್ದೆ. ಅವರ ಉಸಿರು ನನ್ನ ನೆತ್ತಿಗೆ ತಾಕುತ್ತಿತ್ತು. ಒಂದು ದಿನವೂ ತಿರುಗಿ ಅವರ ಮುಖವನ್ನು ನೋಡಿದವನಲ್ಲ.

ಸೀಟಿನ ತೊಗಲು ರಿವೆಟ್ಟಿನ ಬಳಿ ಬಿರಿದಿತ್ತು. ಅದನ್ನು ಬಿಚ್ಚಿ ಮನೆಯಲ್ಲಿರಿಸಿ, ಹೊಸದೊಂದು ತೊಗಲಿನ ಸೀಟನ್ನು ತಂದೆ.

ಇಲ್ಲಿ ಈ ಸೀಟಿನ ರಚನೆಯನ್ನು ಸ್ವಲ್ಪ ಹೇಳಬೇಕು. ಒಳಗೆ ಮೆತ್ತೆಯಿಲ್ಲ, ಹಲಗೆಯಿಲ್ಲ. ಸುಮಾರು ಐದು ಮಿಲಿಮೀಟರು ದಪ್ಪದ ಒಂದೇ ತೊಗಲು. ಹಿಂದೊಂದು ಮುಂದೊಂದು ಕಬ್ಬಿಣದ ಆಸರೆಗೆ ರಿವೆಟ್ಟು ಹೊಡೆದು ಅದನ್ನು ಬಿಗಿದಿರುತ್ತಾರೆ. ಮೃದಂಗದ ಮುಚ್ಚಿಗೆಯ ಹಾಗೆ ಅದರ ಸತ್ತ್ವವೆಲ್ಲ ಬಿಗಿಯಲ್ಲಿದೆ. ತೊಗಲನ್ನು ಮರದ ತೊಗಟೆಯ ಸಾರದಿಂದ ಹದಮಾಡುತ್ತಾರೆ. ನಮ್ಮ ಸೀಮೆಯಲ್ಲಿ ತಂಗಡಿಯ ತೊಗಟೆಯಿಂದ ಹದಮಾಡುತ್ತಿದ್ದಂತೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ 1866ರಲ್ಲಿ ಕುದುರೆಯ ಸಾಜು ಮೊದಲಾದ ತೊಗಲಿನ ವ್ಯಾಪಾರ ಆರಂಭಿಸಿದ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಎಂಬಾತ 1882ರಲ್ಲಿ ಸೈಕಲ್ಲಿನ ಸೀಟಿಗೆ ಪೇಟೆಂಟ್ ಪಡೆದ. ಅವನ ಕುದುರೆ ಸತ್ತು, ಸೈಕಲ್ಲನ್ನೇರಬೇಕಾಗಿ ಬಂದು, ಅದರ ಸೀಟಿನ ಗಡಸಿಗೆ ರೋಸಿ ಈ ಕೆಲಸಕ್ಕೆ ಕೈಹಾಕಿದನೆಂದು ಕಥೆ. ಆ ಮನೆತನದ ಬಿ-17 ಎಂಬ ಸೀಟು ಹತ್ತೊಂಬತ್ತನೆಯ ಶತಮಾನದ ಕಡೆಯ ದಶಕದಿಂದ ಇಂದಿನವರೆಗೂ ತಯಾರಾಗುತ್ತಿದೆ.

ಬ್ರೂಕ್ಸನ ತಾಳ್ಮೆ ನನಗಿರಲಿಲ್ಲ. ಮೂರೇ ದಿನಕ್ಕೆ ಬೇಸತ್ತು, ಸೀಟನ್ನು ಮೆತ್ತಗಾಗಿಸಲು ಒಂದು ಭಾನುವಾರ ಅದಕ್ಕೆ ಹರಳೆಣ್ಣೆಯ ಅಭ್ಯಂಜನ ಮಾಡಿಸಿದೆ. ಮೇಲೆ ಕೆಳಗೆ ಧಾರಾಳವಾಗಿ ತಿಕ್ಕಿ, ಬಿಸಿಲಿನಲ್ಲಿಟ್ಟೆ. "ಬಿಸಿನೀರೂ ಸೀಗೆಪುಡಿಯೂ ಬೇಕೋ?" ಎಂದು ನನ್ನಾಕೆ ಕೇಳಿದಳು. ಸೋಮವಾರ ಸೀಟು ಹೂವಿನಷ್ಟು ಮೆತ್ತಗಿತ್ತು. ಮೊದಲ ತರಗತಿಯಲ್ಲಿ ಕಪ್ಪುಹಲಗೆಯ ಕಡೆಗೆ ತಿರುಗಿ ಬರೆಯತೊಡಗಿದಾಗ ಹಿಂದಿನ ಬೆಂಚುಗಳಲ್ಲಿ ಕಿಸಕ್ಕೆಂಬ ಸದ್ದಾಯಿತು. ಷರಾಯಿಯ ಮೇಲೆ ಎರಡು ಕಂದು ವೃತ್ತಗಳು ಮೂಡಿದ್ದುವಂತೆ! ತಿಂಗಳು ಕಳೆಯುವುದರೊಳಗೆ ಸೀಟು ತೊಟ್ಟಿಲಿನಂತೆ ಜೋತುಬಿದ್ದು, ನಡುವಿನ ಕಬ್ಬಿಣ ಮೈಗೆ ತಗುಲತೊಡಗಿತು.

ಷಾಪಿನ ಮುದುಕರು ನಗಲಿಲ್ಲ. "ಎಣ್ಣೆ ಎಲ್ಲಾ ಕಡೆಯೂ ಮೆತ್ತಗೆ ಮಾಡಿಬಿಡುತ್ತೆ ಮೇಷ್ಟ್ರೇ. ಭಾರ ಬಿದ್ದ ಕಡೆ ಮಾತ್ರ ಅದು ಮಣೀಬೇಕು. ಮಿಕ್ಕಿದ್ದೆಲ್ಲ ಬಿಗಿಯಾಗೇ ಇರಬೇಕು" ಎಂದರು.

ಎರಡನೆಯ ಸೀಟನ್ನು ಅವರ ಮಾತಿನಂತೆಯೇ ಪಳಗಿಸಿದೆ. ಕೊಬ್ಬು, ಜೇನುಮೇಣ ಬೆರೆಸಿದ ಮುಲಾಮನ್ನು ತೆಳ್ಳಗೆ ಸವರಿ, ರಾತ್ರಿಯೆಲ್ಲ ಬಿಟ್ಟು, ಬೆಳಗ್ಗೆ ಬಟ್ಟೆಯಿಂದ ಒರಸಿದೆ. ಸೀಟಿನ ಮೂತಿಯನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ನಿಲ್ಲಿಸಿದೆ; ತಗ್ಗಿದರೆ ಮೈ ಮುಂದಕ್ಕೆ ಜಾರಿ ಕೈಗಳು ಸೋಲುತ್ತವೆ. ಮೊದಲ ವಾರಗಳಲ್ಲಿ ಕುಕ್ಕರಹಳ್ಳಿ ಕೆರೆಯವರೆಗೆ ಹೋಗಿಬರುವಷ್ಟೇ ಸವಾರಿ. ಮಳೆಗೆ ಪ್ಲಾಸ್ಟಿಕ್ ಚೀಲದ ಟೋಪಿ. ಒದ್ದೆಯಾದರೆ ನೆರಳಿನಲ್ಲಿ ಆರಿಸುವುದೇ ಹೊರತು ಬಿಸಿಲು ತೋರಿಸುವಂತಿಲ್ಲ. ಮೂತಿಯ ಕೆಳಗೆ ಬಿಗಿ ಏರಿಸುವ ನಟ್ಟೊಂದಿದೆ. ತೊಗಲು ಜೋತಾಗ ಮಾತ್ರ ಅದಕ್ಕೆ ಕಾಲು ಸುತ್ತು ಸಾಕು. ಮಿಕ್ಕ ಕೆಲಸ ಮೈಯ ಭಾರದ್ದು, ಮೈಯ ಕಾವಿನದು. ಕುಳಿತಾಗ ಭಾರ ಹೊರುವ ಎರಡು ಮೂಳೆಗಳ ಕೆಳಗೆ ತೊಗಲಿನ ಎಳೆಗಳು ನಿಧಾನವಾಗಿ ಸಡಿಲುತ್ತವೆ. ಮೂರನೆಯ ತಿಂಗಳಲ್ಲಿ ಒಂದು ಸಂಜೆ ಮನೆಯ ಮುಂದೆ ಇಳಿದಾಗ, ದಾರಿಯುದ್ದಕ್ಕೂ ಸೀಟಿನ ನೆನಪೇ ಬರಲಿಲ್ಲವೆಂಬುದು ಅರಿವಾಯಿತು. ಅಂಗೈಯಿಂದ ತಡವಿ ನೋಡಿದೆ: ಎರಡು ಪುಟ್ಟ ಕುಳಿಗಳು!

ಕಳೆದ ದೀಪಾವಳಿಗೆ ತಂದೆಯವರು ಬಂದಿದ್ದರು. ಈಗ ಅವರಿಗೆ ಸೈಕಲ್ ತುಳಿಯಲಾಗದು. ಅಂಗಳದಲ್ಲಿ ನಿಂತಿದ್ದ ತಮ್ಮ ಹಳೆಯ ಸಂಗಾತಿಯ ಬಳಿ ಹೋಗಿ ಗಂಟೆಯನ್ನು ಒಮ್ಮೆ ಬಾರಿಸಿದರು. ಸೀಟು ಬದಲಾದುದನ್ನು ಕಂಡರು, ಹಳೆಯದೇನಾಯಿತೆಂದು ಕೇಳಲಿಲ್ಲ. ಹೆಬ್ಬೆರಳಿನಿಂದ ಮೊದಲು ಎಡಗಡೆಯನ್ನೂ ಆಮೇಲೆ ಬಲಗಡೆಯನ್ನೂ ಒತ್ತಿ ನೋಡಿದರು. ಮತ್ತೆ ಇನ್ನೊಮ್ಮೆ ಒತ್ತಿದರು.

"ಎರಡು ಕಡೆಯೂ ಸಮನಾಗಿದೆ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಒಳ್ಳೆಯದಾಯಿತು" ಎಂದು ಹೇಳಿ ಒಳಕ್ಕೆ ಹೋದರು.