ಕಲ್ಕತ್ತೆಯಲ್ಲಿ ಮೂರು ದಿನ

ಗುಮಾಸ್ತರ ಪ್ರವಾಸವು ರೈಲು ನಿಲ್ದಾಣದಲ್ಲಿ ಆರಂಭವಾಗುವುದಿಲ್ಲ. ರಜೆಯ ಲೆಕ್ಕದಲ್ಲಿ ಆರಂಭವಾಗುತ್ತದೆ. ಸಾಂದರ್ಭಿಕ ರಜೆಗೆ ಡಿಸೆಂಬರ್ 31ರವರೆಗೆ ಮಾತ್ರ ಆಯುಷ್ಯ. ಆ ರಾತ್ರಿ ಕಳೆದರೆ ಅದು ನಮಗೂ ಇಲ್ಲ, ಸರ್ಕಾರಕ್ಕೂ ಇಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ಲೆಕ್ಕದಲ್ಲಿ ನಾಲ್ಕು ದಿನ ಉಳಿದಿದ್ದವು. ಪಕ್ಕದ ಮೇಜಿನ ಮಿತ್ರನ ಲೆಕ್ಕದಲ್ಲಿಯೂ ನಾಲ್ಕೇ. ನಡುವೆ 25ರ ಕ್ರಿಸ್‌ಮಸ್ ರಜೆ, ಹಿಂದೆ ಮುಂದೆ ಶನಿವಾರ ಭಾನುವಾರಗಳು. ಕೂಡಿಸಿ ನೋಡಿದರೆ ಒಂಬತ್ತು ದಿನಗಳ ಭಾಗ್ಯ!

ಊರನ್ನು ಮಾತ್ರ ನಾವು ಆರಿಸಲಿಲ್ಲ. ಕಚೇರಿಯ ಸುತ್ತೋಲೆ ಆರಿಸಿತು. ನಮ್ಮ ಇಲಾಖೆಯ ಕಲ್ಕತ್ತಾ ಶಾಖೆಯಲ್ಲಿ ಮೇಲ್ದರ್ಜೆಯ ಒಂದು ಸ್ಥಾನ ತೆರವಾಗಿದೆ, ಬಡ್ತಿಯ ಮೇಲೆ ಹೋಗಲು ಒಪ್ಪುವವರು ಜನವರಿ 3ರೊಳಗಾಗಿ ಬರೆದುಕೊಡತಕ್ಕದ್ದು ಎಂದು ಅದರ ಒಕ್ಕಣೆ. ಹಿರಿತನದ ಪಟ್ಟಿಯಲ್ಲಿ ಮೊದಲನೆಯ ಹೆಸರು ಮಿತ್ರನದು, ಎರಡನೆಯದು ನಮ್ಮದು. ಅವನು ರಾಯಚೂರು ಜಿಲ್ಲೆಯವನು, ನಾವು ಕಲಬುರ್ಗಿಯವರು. ಹೈದರಾಬಾದಿನ ಒಂದೇ ಕಚೇರಿಗೆ ಬಂದು ಸೇರಿ ಹನ್ನೊಂದು ವರ್ಷವಾಯಿತು. ಅವನ ತಾಯಿಗೆ ಪಕ್ಷವಾತ. ತಿಂಗಳಿಗೆರಡು ಸಲ ಊರಿಗೆ ಓಡುತ್ತಾನೆ. ನಮಗೆ ನಾಲ್ಕನೆಯ ತರಗತಿಯಲ್ಲಿ ಓದುವ ಮಗಳಿದ್ದಾಳೆ. ನಮ್ಮ ಮನೆಯವರು ಭಾನುವಾರ ಮಕ್ಕಳಿಗೆ ಕನ್ನಡ ಪಾಠ ಹೇಳುತ್ತಾರೆ. ಕಲ್ಕತ್ತೆ ಎಂದ ಕೂಡಲೇ ಎರಡೂ ಮನೆಗಳಲ್ಲಿ ಮೌನ.

“ನೋಡದ ಊರಿಗೆ ಒಲ್ಲೆ ಅನ್ನೋದೂ ತಪ್ಪು, ಹೂಂ ಅನ್ನೋದೂ ತಪ್ಪು. ಒಮ್ಮೆ ನೋಡಿಕೊಂಡು ಬರೋಣ ನಡಿ” ಎಂದ ಮಿತ್ರ. ಹೀಗೆ ಹೊರಟೆವು.

ಸಿಕಂದರಾಬಾದಿನಿಂದ ಫಲಕನುಮಾ ಎಕ್ಸ್‌ಪ್ರೆಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯ ಹಾದಿ. ಕಟ್ಟಿಕೊಂಡ ಖಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿ ನಮ್ಮ ಮಾನ ಕಾಪಾಡಿದವು. ಮರುದಿನ ಬೆಳಿಗ್ಗೆ ಒಡಿಶಾದಲ್ಲಿ ಚಿಲಿಕಾ ಸರೋವರ ಕಿಟಕಿಯ ಪಕ್ಕದಲ್ಲಿಯೇ ಬಹಳ ಹೊತ್ತು ಜೊತೆಗೆ ಬಂದಿತು. ಬಯಲುಸೀಮೆಯ ನಮಗೆ ಅಷ್ಟು ನೀರು ಕಂಡರೆ ಮಾತೇ ಹೊರಡುವುದಿಲ್ಲ.

ಹೌರಾದಲ್ಲಿ ಇಳಿದಾಗ ಸಂಜೆ. ಸೇತುವೆಯನ್ನು ನಡೆದೇ ದಾಟಬೇಕೆಂದು ಮೊದಲೇ ನಿಶ್ಚಯಿಸಿದ್ದೆವು. 1943ರಲ್ಲಿ ತೆರೆದ ಈ ಉಕ್ಕಿನ ಸೇತುವೆಗೆ ನದಿಯ ನಡುವೆ ಒಂದು ಕಂಬವೂ ಇಲ್ಲ. ನಟ್ಟು ಬೋಲ್ಟುಗಳಿಲ್ಲದೆ ರಿವೆಟ್ಟುಗಳಿಂದ ಜೋಡಿಸಿದ್ದಾರೆ. 1965ರಲ್ಲಿ ಇದಕ್ಕೆ ರವೀಂದ್ರ ಸೇತು ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಹೌರಾ ಬ್ರಿಜ್ಜೇ. ಊರಿನ ಹೆಸರೂ 2001ರಲ್ಲಿ ಕೋಲ್ಕತಾ ಎಂದಾಯಿತು. ನಮ್ಮ ನಾಲಿಗೆ ಇನ್ನೂ ಕಲ್ಕತ್ತೆಯನ್ನು ಬಿಟ್ಟಿಲ್ಲ. ಸೇತುವೆಯ ಮೇಲೆ ತಲೆಹೊರೆ ಹೊತ್ತವರ ಓಟಕ್ಕೆ ದಾರಿ ಬಿಡುತ್ತ ಬಿಡುತ್ತ ನಾವು ಆಚೆ ದಡ ಸೇರುವುದರಲ್ಲಿ ಕತ್ತಲಾಯಿತು.

ಅಲ್ಲಿ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕುಡಿದೆವು. ಇನ್ನೊಂದು ಬೇಕೇ ಎಂದು ಚಹಾದವನು ಕೇಳಿದಾಗ ನಮ್ಮ ಬಾಯಿಂದ ಹೈದರಾಬಾದಿನ “ನಕ್ಕೋ” ಹೊರಟಿತು. ಅವನು ಕಣ್ಣರಳಿಸಿ ನೋಡಿ, ಅದೇನೋ ಬೇಡಿಕೆಯೆಂದು ತಿಳಿದು ಮತ್ತೊಂದು ಕುಡಿಕೆ ತುಂಬಿಸಿಕೊಟ್ಟ. ಹನ್ನೊಂದು ವರ್ಷ ಕಷ್ಟಪಟ್ಟು ಕಲಿತ ಭಾಷೆ ಇಲ್ಲಿ ಎರಡನೆಯ ಚಹಾಕ್ಕೆ ಮಾತ್ರ ಉಪಯೋಗವೆಂದು ಮಿತ್ರ ನಕ್ಕ. ನಮಗೆ ಅಷ್ಟು ನಗು ಬರಲಿಲ್ಲ.

ಮರುದಿನ ಸೋಮವಾರ. ವಸ್ತುಸಂಗ್ರಹಾಲಯ, ವಿಕ್ಟೋರಿಯಾ ಸ್ಮಾರಕದ ಒಳಾಂಗಣ ಎರಡಕ್ಕೂ ಅಂದು ಬಿಡುವು. ಗುಮಾಸ್ತರು ಬೇರೆಲ್ಲಿಗೆ ಹೋದಾರು? ನೆಟ್ಟಗೆ ಗುಮಾಸ್ತರ ಮಹಾಕ್ಷೇತ್ರಕ್ಕೆ ಹೋದೆವು. ಡಾಲ್‌ಹೌಸಿ ಚೌಕದ ಉದ್ದಕ್ಕೂ ಕೆಂಪಗೆ ನಿಂತಿರುವ ರೈಟರ್ಸ್ ಬಿಲ್ಡಿಂಗ್ ಎಂದರೆ ಕವಿಗಳ ಮನೆಯೆಂದು ಮಿತ್ರ ಇಷ್ಟು ದಿನ ತಿಳಿದಿದ್ದನಂತೆ! ಈಸ್ಟ್ ಇಂಡಿಯಾ ಕಂಪನಿಯ ‘ರೈಟರ್’ ಎಂದರೆ ಕಿರಿಯ ಗುಮಾಸ್ತ. ಅಂಥವರಿಗಾಗಿ 1777ರಲ್ಲಿ ಇದರ ಕೆಲಸ ಹಿಡಿದರು. 1930ರ ಡಿಸೆಂಬರ್ 8ರಂದು ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣರು ಇದರೊಳಗೆ ನುಗ್ಗಿ ಬಂದೀಖಾನೆಗಳ ಮುಖ್ಯಾಧಿಕಾರಿ ಸಿಂಪ್ಸನ್ನನನ್ನು ಗುಂಡಿಟ್ಟು ಕೊಂದರು. ಈಗ ಚೌಕಕ್ಕೆ ಅವರದೇ ಹೆಸರು. ಸ್ವಾತಂತ್ರ್ಯಾನಂತರ ರಾಜ್ಯದ ಸಚಿವಾಲಯ ಇಲ್ಲಿಯೇ ಇದ್ದು, 2013ರಲ್ಲಿ ಹೌರಾ ಕಡೆಗೆ ಸ್ಥಳಾಂತರವಾಯಿತು. ಎಷ್ಟು ದೊಡ್ಡ ಕಚೇರಿಯಾದರೂ ವರ್ಗಾವಣೆ ತಪ್ಪದು!

ಬಂಗಾಳಿಗಳು ಇದನ್ನು ‘ಮಹಾಕರಣ’ ಎನ್ನುತ್ತಾರೆ. ನೆಲದಡಿಯ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಆ ಫಲಕವನ್ನು ಓದಿ ನಾವು ಅಲ್ಲೇ ನಿಂತುಬಿಟ್ಟೆವು. ನಮ್ಮ ಶಾಸನಗಳ ಶ್ರೀಕರಣ, ನಮ್ಮ ಹಳ್ಳಿಯ ಕರಣಿಕ, ಎಲ್ಲ ಇದೇ ಮನೆತನದ ಮಾತುಗಳಲ್ಲವೇ? ಪರಸ್ಥಳದಲ್ಲಿ ಸೋದರಮಾವನನ್ನು ಕಂಡಂತಾಯಿತು. ಅಲ್ಲಿಂದ ಮೆಟ್ರೋ ಹತ್ತಿ ಹೌರಾಕ್ಕೆ ಹೋಗಿಬಂದೆವು. 2024ರ ಮಾರ್ಚಿನಲ್ಲಿ ಆರಂಭವಾದ ಈ ಮಾರ್ಗ ಹೂಗ್ಲಿ ನದಿಯ ತಳದಡಿಯಲ್ಲಿ ಹಾಯುತ್ತದೆ. ಮುಕ್ಕಾಲು ನಿಮಿಷದಲ್ಲಿ ನದಿ ಮುಗಿದೇಹೋಯಿತು. ಭಾರತದ ಮೊದಲನೆಯ ಮೆಟ್ರೋ ಓಡಿದ್ದೂ ಇದೇ ಊರಿನಲ್ಲಿ, 1984ರಲ್ಲಿ.

ಮಂಗಳವಾರ ಕಾಲೇಜ್ ಸ್ಟ್ರೀಟ್. ರಸ್ತೆಯ ಎರಡು ಮಗ್ಗುಲಲ್ಲಿಯೂ ಪುಸ್ತಕಗಳ ಗೂಡುಗಳು. 1858ರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದ ಮೊದಲ ಬಿ.ಎ. ಪದವಿ ಪಡೆದ ಇಬ್ಬರಲ್ಲಿ ಬಂಕಿಮಚಂದ್ರರು ಒಬ್ಬರು. ಬಿ.ಎ. ಆದೊಡನೆ ಸರ್ಕಾರಿ ನೌಕರಿ ಸೇರಿ, ಬಹುಕಾಲ ಊರಿಂದೂರಿಗೆ ವರ್ಗವಾಗುತ್ತಲೇ ಅವರು ಕಾದಂಬರಿಗಳನ್ನು ಬರೆದರು. ಆ ಕಾದಂಬರಿಗಳನ್ನು ಬಂಗಾಳಿ ಕಲಿತು ಕನ್ನಡಕ್ಕೆ ತಂದವರು ಬಿ. ವೆಂಕಟಾಚಾರ್ಯರು. ನಮ್ಮ ಅಜ್ಜನ ಟ್ರಂಕಿನಲ್ಲಿ ಅವರ ಒಂದು ಪುಸ್ತಕ ರಟ್ಟು ಕಳಚಿಕೊಂಡು ಬಿದ್ದಿರುತ್ತಿತ್ತು. ಕಲ್ಕತ್ತೆಯ ಗಾಳಿ ನಾವು ಹುಟ್ಟುವ ಮೊದಲೇ ಮನೆಯೊಳಗೆ ಬಂದಿದ್ದುದು ಆ ಬೀದಿಯಲ್ಲಿ ನೆನಪಾಯಿತು. ಮಿತ್ರ ಒಂದು ಅಂಗಡಿಯಲ್ಲಿ ತೆಳ್ಳನೆಯ ಪುಸ್ತಕವೊಂದನ್ನು ಕೊಂಡು ಚೀಲಕ್ಕೆ ಹಾಕಿಕೊಂಡ. ಏನೆಂದು ಕೇಳಿದರೆ ಹೇಳಲಿಲ್ಲ.

ಅಂದು ರಾತ್ರಿ ಪಾರ್ಕ್ ಸ್ಟ್ರೀಟಿನಲ್ಲಿ ದೀಪದ ತೋರಣಗಳ ಕೆಳಗೆ ಜನವೋ ಜನ. ಕ್ರಿಸ್‌ಮಸ್ ಎಂದರೆ ಇಲ್ಲಿ ಎಲ್ಲ ಮತದವರ ಜಾತ್ರೆ. ಸೀರೆಯುಟ್ಟ ಅಜ್ಜಿಯರ ತಲೆಯ ಮೇಲೂ ಕೆಂಪು ಟೊಪ್ಪಿಗೆ! ನಾವು ಕೇಕಿನ ಸಾಲು ಬಿಟ್ಟು ಮಿಠಾಯಿ ಅಂಗಡಿ ಹೊಕ್ಕೆವು. ಚಳಿಗಾಲದಲ್ಲಿ ಮಾತ್ರ ಸಿಗುವ ಹೊಸ ಬೆಲ್ಲದ ಸಂದೇಶ ತಿಂದ ಮೇಲೆ, ಅದು ಈಚಲ ರಸದ ಬೆಲ್ಲವೆಂದು ತಿಳಿಯಿತು. “ಅದೇ ಗಿಡದ ರಸ, ನಮ್ಮ ಕಡೆ ಸಿಂದಿ, ಇವರ ಕಡೆ ನೈವೇದ್ಯ” ಎಂದು ಮಿತ್ರ ಬಹಳ ಹೊತ್ತು ತಲೆದೂಗಿದ.

ಬುಧವಾರ ನಾವು ಹೋದದ್ದು ಯಾತ್ರಿಕರು ಹೋಗದ ಜಾಗಕ್ಕೆ. ಊರಿನ ದಕ್ಷಿಣ ಭಾಗದಲ್ಲಿ ಲೇಕ್ ಮಾರ್ಕೆಟ್ ಎಂಬ ಪೇಟೆಯಿದೆ. ಸುತ್ತಮುತ್ತ ದಕ್ಷಿಣದವರು ಬಹುಕಾಲದಿಂದ ನೆಲೆಸಿದ್ದಾರೆ. ಬಾಳೆಎಲೆ, ಕರಿಬೇವು, ಕಾಫಿಪುಡಿ, ಮಲ್ಲಿಗೆ ಎಲ್ಲ ಸಿಕ್ಕವು. ಮಿತ್ರ ಒಂದೊಂದರ ಬೆಲೆಯನ್ನೂ ಕೇಳಿ ಚೀಟಿಯಲ್ಲಿ ಬರೆದುಕೊಂಡ. ಜೋಳದ ಹಿಟ್ಟನ್ನು ಎರಡು ಅಂಗಡಿಗಳಲ್ಲಿ ಕೇಳಿದ, ಸಿಗಲಿಲ್ಲ; ಅದನ್ನೂ ಬರೆದುಕೊಂಡ.

ಸಂಜೆ ಪ್ರಿನ್ಸೆಪ್ ಘಾಟಿನ ಮೆಟ್ಟಿಲಿನ ಮೇಲೆ ಕುಳಿತೆವು. ಟಂಕಸಾಲೆಯ ನೌಕರನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಕಚೇರಿ ಕೆಲಸದ ಜೊತೆಗೇ ಬ್ರಾಹ್ಮೀ ಲಿಪಿಯ ಗಂಟು ಬಿಚ್ಚಿದವನು; 1837ರಲ್ಲಿ ಆ ಲಿಪಿ ಮತ್ತೆ ಮಾತಾಡಿತು. ಅವನು ಓದಿದ ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವೇ ಹೊರತು ಅಶೋಕನ ಹೆಸರಿರಲಿಲ್ಲ. ಹೆಸರು ಸಿಕ್ಕಿದ್ದು 1915ರಲ್ಲಿ, ಮಿತ್ರನ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲೆ. ಇದನ್ನು ಹೇಳಿದರೆ ಅವನು ಉಬ್ಬಿಹೋಗುವನೆಂದು ತಿಳಿದಿದ್ದೆವು. ಅವನು ನೀರನ್ನೇ ನೋಡುತ್ತಿದ್ದ. ಆಮೇಲೆ ಚೀಲದಿಂದ ಆ ತೆಳ್ಳನೆಯ ಪುಸ್ತಕ ತೆಗೆದು ನಮ್ಮ ಕೈಗಿಟ್ಟ. ಈಶ್ವರಚಂದ್ರ ವಿದ್ಯಾಸಾಗರರ ‘ವರ್ಣಪರಿಚಯ’. 1855ರಿಂದ ಬಂಗಾಳದ ಮಕ್ಕಳು ಅಕ್ಷರ ಕಲಿತ ಪುಸ್ತಕ.

“ನಿನ್ನ ಮಗಳಿಗೆ” ಎಂದ. “ನಾ ಬರಲಾರೆ ಅಂತ ಸುತ್ತೋಲೆ ಬಂದ ದಿನವೇ ಗೊತ್ತಿತ್ತು. ಅವ್ವನ್ನ ಬಿಟ್ಟು ಹ್ಯಾಂಗ ಬರಲಿ? ನಾ ಒಲ್ಲೆ ಅಂದ್ರ ನೀನೂ ಒಲ್ಲೆ ಅಂತಿದ್ದಿ. ಅದಕ್ಕ ಕರಕೊಂಡು ಬಂದೆ.”

ಬೆಲೆಗಳ ಚೀಟಿಯೂ ಆ ಪುಸ್ತಕದೊಳಗೇ ಇತ್ತು. ನಮ್ಮ ಮನೆಯವರಿಗಾಗಿ ಬರೆದದ್ದು. ಕೆಳಗಡೆ ಇಷ್ಟು ಸೇರಿಸಿದ್ದ: ‘ಜೋಳದ ಹಿಟ್ಟು ನಾನು ಕಳಿಸುತ್ತೇನೆ.’

ಗುರುವಾರ ಬೆಳಿಗ್ಗೆ ಹಿಂದಿರುಗುವ ಗಾಡಿ ಹತ್ತಿದೆವು. ಚಿಲಿಕಾ ಈ ಸಲ ಮತ್ತೊಂದು ಕಡೆಯ ಕಿಟಕಿಯಲ್ಲಿ ಬಂದಿತು. ಇಬ್ಬರೂ ಹೆಚ್ಚು ಮಾತಾಡಲಿಲ್ಲ. ಜನವರಿ 2ರಂದು ಮಿತ್ರ ಅಸಮ್ಮತಿ ಪತ್ರವನ್ನೂ ನಾವು ಸಮ್ಮತಿ ಪತ್ರವನ್ನೂ ಒಂದೇ ಲೇಖನಿಯಿಂದ ಬರೆದು, ಒಂದೇ ಲಕೋಟೆಯಲ್ಲಿ ಮೇಲಧಿಕಾರಿಗಳಿಗೆ ಒಪ್ಪಿಸಿದೆವು. ಪರೀಕ್ಷೆ ಮುಗಿದ ಮೇಲೆ ಹೊರಟರೆ ಸಾಕೆಂದು ಅಪ್ಪಣೆಯಾಯಿತು. ಮನೆಯಲ್ಲಿ ಮಗಳು ‘ವರ್ಣಪರಿಚಯ’ದ ಮೊದಲ ಪುಟದ ಅಕ್ಷರಗಳ ಕೆಳಗೆ ಪೆನ್ಸಿಲಿನಲ್ಲಿ ಅ, ಆ, ಇ, ಈ ಎಂದು ಕನ್ನಡದಲ್ಲಿ ಬರೆದುಕೊಂಡು ಓದುತ್ತಿದ್ದಾಳೆ.